ವಿದ್ಯುನ್ಮಾನ ಬೇಹು ವಿಮಾನ: ಪ್ರಯಾಣಿಕ ಜೆಟ್‌ನ ಇನ್ನೊಂದು ಬಾಳು

ಎದುರಾಳಿಯ ರೇಡಾರ್ ಸೂಸುವ ಅಲೆಗಳನ್ನೂ ರೇಡಿಯೊ ಮಾತುಕತೆಯನ್ನೂ ಗಡಿಯ ಈಚೆಯಿಂದಲೇ ಹಿಡಿದು, ಅವು ಎಲ್ಲಿಂದ ಬರುತ್ತಿವೆ, ಯಾವ ಯಂತ್ರದವು, ಯಾವಾಗ ಬದಲಾಗುತ್ತವೆ ಎಂದು ಲೆಕ್ಕವಿಡುವ ವಿಮಾನಕ್ಕೆ ವಿದ್ಯುನ್ಮಾನ ಬೇಹು ವಿಮಾನ ಎನ್ನುತ್ತಾರೆ. ಬಾಂಬು ಹಾಕುವುದು, ಕಾದಾಡುವುದು ಇದರ ಕೆಲಸವಲ್ಲ. ಇದಕ್ಕೆ ಬೇಕಾದದ್ದು ವಿಶಾಲವಾದ ಒಡಲು, ಗಂಟೆಗಟ್ಟಲೆ ಆಕಾಶದಲ್ಲಿ ಉಳಿಯುವ ತಾಳಿಕೆ, ಧಾರಾಳ ವಿದ್ಯುತ್ತು, ಜನ ಕುಳಿತು ಮನಸ್ಸಿಟ್ಟು ಕೆಲಸ ಮಾಡಬಲ್ಲ ಹವೆ ಮತ್ತು ಒತ್ತಡ. ಇವೆಲ್ಲವೂ ಪ್ರಯಾಣಿಕ ವಿಮಾನದಲ್ಲಿ ಮೊದಲೇ ಇವೆ. ಹಾಗಾಗಿ ಜಗತ್ತಿನ ಅನೇಕ ಬೇಹು ವಿಮಾನಗಳು ಪ್ರಯಾಣಿಕ ವಿಮಾನದ ವಂಶದಲ್ಲೇ ಹುಟ್ಟಿವೆ. ಕೆಲವಂತೂ ಟಿಕೆಟ್ ಕೊಂಡವರನ್ನು ವರ್ಷಗಟ್ಟಲೆ ಹೊತ್ತು, ಆಮೇಲೆ ಸೇನೆಗೆ ಸೇರಿದವು.

ಸೇನೆಯವರ ಬಾಯಲ್ಲಿ ಈ ಕೆಲಸಕ್ಕೆ ಹಲವು ಹೆಸರುಗಳಿವೆ. ಮನುಷ್ಯರ ಮಾತು, ಸಂದೇಶಗಳನ್ನು ಆಲಿಸುವುದು ಕಾಮಿಂಟ್. ರೇಡಾರ್, ಕ್ಷಿಪಣಿ ಮಾರ್ಗದರ್ಶನದಂಥ ಮಾತಿಲ್ಲದ ಅಲೆಗಳನ್ನು ಹಿಡಿಯುವುದು ಎಲಿಂಟ್. ಎರಡೂ ಸೇರಿದರೆ ಸಿಗಿಂಟ್. ತಾನೇ ದೊಡ್ಡ ರೇಡಾರ್ ಹೊತ್ತು ಹಾರುವ ಮುನ್ನೆಚ್ಚರಿಕೆ ವಿಮಾನ ಇವುಗಳ ದಾಯಾದಿ. ಈಚಿನ ವರ್ಷಗಳಲ್ಲಿ ಒಂದೇ ವಿಮಾನ ನೋಡುವ ಕೆಲಸವನ್ನೂ ಕೇಳುವ ಕೆಲಸವನ್ನೂ ಮಾಡುವುದರಿಂದ ಇವೆರಡರ ನಡುವಿನ ಗೆರೆ ತೆಳುವಾಗಿದೆ. ನಮ್ಮ ಬೆಂಗಳೂರಿನಲ್ಲಿ ರೂಪುಗೊಂಡ ‘ನೇತ್ರ’ ಇದಕ್ಕೆ ಉದಾಹರಣೆ.

ಕೇಳುವವನಿಗೆ ನೋಡುವವನಿಗಿಂತ ಒಂದು ಅನುಕೂಲ ಹೆಚ್ಚು. ಅಮಾವಾಸ್ಯೆಯ ರಾತ್ರಿ ಒಬ್ಬ ಟಾರ್ಚ್ ಹಿಡಿದು ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದಾನೆ ಎನ್ನಿ. ಅವನಿಗೆ ಕಾಣುವುದು ಹತ್ತಿಪ್ಪತ್ತು ಮಾರು. ಆದರೆ ಆ ಟಾರ್ಚ್ ಆಚೆಯ ಗುಡ್ಡದ ಮೇಲೆ ಕುಳಿತವನಿಗೂ ಕಾಣುತ್ತದೆ. ರೇಡಾರ್‌ನದೂ ಇದೇ ಪಾಡು. ಅದರ ಅಲೆ ಗುರಿಗೆ ಹೋಗಿ ತಾಗಿ ಮರಳಿ ಬರಬೇಕು. ಕದ್ದು ಕೇಳುವವನಿಗೆ ಹೋಗುವ ಅಲೆಯಷ್ಟೇ ಸಾಕು. ರೇಡಾರ್ ಕಣ್ಣಿಗೆ ಬೀಳುವ ಮೊದಲೇ ಬೇಹು ವಿಮಾನ ಅದರ ಸುಳಿವು ಹಿಡಿದಿರುತ್ತದೆ. ಮೇಲಾಗಿ ಪ್ರತಿ ರೇಡಾರ್‌ಗೂ ತನ್ನದೇ ಕಂಪನಾಂಕ, ತನ್ನದೇ ಮಿಡಿತ, ಮಿಡಿತದ ನಡುವೆ ತನ್ನದೇ ಬಿಡುವು ಇರುತ್ತದೆ. ತಿರುವಿನಾಚೆ ಬರುವ ಬಸ್ಸು ಯಾವುದೆಂದು ಸದ್ದಿನಿಂದಲೇ ಊರವರು ಹೇಳುವಂತೆ, ನುರಿತ ಆಪರೇಟರ್ ಆ ಮಿಡಿತದಿಂದಲೇ ರೇಡಾರ್ ಯಾವುದೆಂದು ಹೇಳಬಲ್ಲ. ಒಂದು ಸಲ ಹಿಡಿದ ಅಲೆ ದಿಕ್ಕನ್ನು ಮಾತ್ರ ತಿಳಿಸುತ್ತದೆ. ವಿಮಾನ ಮುಂದೆ ಸಾಗಿ ಇನ್ನೊಂದು ತಾವಿನಿಂದ ಮತ್ತೆ ದಿಕ್ಕು ಹಿಡಿದರೆ, ಎರಡು ಗೆರೆ ಕೂಡುವ ಜಾಗದಲ್ಲಿ ರೇಡಾರ್ ಇರುತ್ತದೆ. ಗಡಿಗೆ ಸಮಾನಾಂತರವಾಗಿ ಇವು ಗಂಟೆಗಟ್ಟಲೆ ಅತ್ತಿಂದಿತ್ತ ಹಾರುವುದು ಈ ಕಾರಣಕ್ಕೆ.

ಸಹಮ್ ದಂಡೆಯಿಂದ

ಎತ್ತರ ಯಾಕೆ ಬೇಕು ಎಂಬುದನ್ನು ತಿಳಿಯಲು ಒಮಾನಿನ ಸಹಮ್ ಒಳ್ಳೆಯ ಜಾಗ. ಉತ್ತರ ಬಾತಿನಾ ಪ್ರಾಂತ್ಯದಲ್ಲಿ, ಸೊಹಾರ್‌ನಿಂದ ಸ್ವಲ್ಪವೇ ದಕ್ಷಿಣಕ್ಕಿರುವ ಕಡಲ ತಡಿಯ ಪಟ್ಟಣ ಇದು. ಮೀನುಗಾರರ ದೋಣಿಗಳು, ಹಿಂದೆ ಖರ್ಜೂರದ ತೋಟಗಳು, ಎದುರಿಗೆ ಒಮಾನ್ ಕೊಲ್ಲಿ. ಅದರಾಚೆಯ ದಂಡೆ ಇರಾನಿನದು. ಅಲ್ಲಿನ ಜಾಸ್ಕ್ ಬಂದರು ಸಹಮ್‌ನಿಂದ ನೇರ ಗೆರೆಯಲ್ಲಿ 200 ಕಿ.ಮೀ.ಗಿಂತ ಕಡಿಮೆ ದೂರದಲ್ಲಿದೆ. ಆದರೆ ದಂಡೆಯಲ್ಲಿ ನಿಂತವನಿಗೆ ಕಾಣುವುದು ನೀರು ಮಾತ್ರ. ಹತ್ತು ಮೀಟರ್ ಕಂಬ ನೆಟ್ಟು ತುದಿಗೆ ಆಂಟೆನಾ ಕಟ್ಟಿದರೂ ರೇಡಿಯೊ ದಿಗಂತ ಸುಮಾರು 13 ಕಿ.ಮೀ.ಗೆ ಮುಗಿಯುತ್ತದೆ, ಭೂಮಿಯ ಬಾಗು ಅದರಾಚೆಯದನ್ನು ಮರೆಮಾಡುತ್ತದೆ. ಅದೇ ಆಂಟೆನಾವನ್ನು ಪ್ರಯಾಣಿಕ ಜೆಟ್ ಹಾರುವ 10 ಕಿ.ಮೀ. ಎತ್ತರಕ್ಕೆ ಒಯ್ದರೆ ದಿಗಂತ 400 ಕಿ.ಮೀ. ದಾಟುತ್ತದೆ. ಜಾಸ್ಕ್ ಮಾತ್ರವಲ್ಲ, ಹೋರ್ಮುಜ್ ಜಲಸಂಧಿಯೂ ಅದರಾಚೆಯ ಬಂದರ್ ಅಬ್ಬಾಸ್ ಕೂಡ ಅದರೊಳಗೆ ಬರುತ್ತವೆ. ಇಷ್ಟಕ್ಕೂ ವಿಮಾನ ಒಮಾನಿನ ದಂಡೆ ಬಿಟ್ಟು ಆಚೆ ಹೋಗಬೇಕಿಲ್ಲ.

ಈ ಕೊಲ್ಲಿಯ ಮೇಲೆ ಬೇಹು ವಿಮಾನಗಳ ಓಡಾಟ ಎಷ್ಟು ನಾಜೂಕಿನದು ಎಂಬುದನ್ನು 2019ರ ಜೂನ್ ತಿಂಗಳು ತೋರಿಸಿತು. 13ರಂದು ಒಮಾನ್ ಕೊಲ್ಲಿಯಲ್ಲಿ ‘ಫ್ರಂಟ್ ಆಲ್ಟೇರ್’, ‘ಕೊಕುಕಾ ಕರೇಜಿಯಸ್’ ಎಂಬ ಎರಡು ಟ್ಯಾಂಕರ್ ಹಡಗುಗಳ ಮೇಲೆ ದಾಳಿಯಾಯಿತು. 20ರಂದು ಇರಾನ್ ಅಮೆರಿಕದ ಮಾನವರಹಿತ ಬೇಹು ವಿಮಾನವೊಂದನ್ನು ಹೊಡೆದುರುಳಿಸಿತು. ಅದರ ಜೊತೆಗೇ 35 ಜನರಿದ್ದ ಪಿ-8 ವಿಮಾನವೂ ಹಾರುತ್ತಿತ್ತು, ಅದನ್ನೂ ಹೊಡೆಯಬಹುದಿತ್ತು, ಹೊಡೆಯಲಿಲ್ಲ ಎಂದು ಇರಾನಿನ ಸೇನಾಧಿಕಾರಿಗಳು ಹೇಳಿದರು. ಪಿ-8 ಎಂದರೆ ನಾವೆಲ್ಲ ಕುಳಿತು ಓಡಾಡುವ ಬೋಯಿಂಗ್ 737ರ ಸೇನಾ ರೂಪ. ಅದೇ ವಾರ ಭಾರತದ ನೌಕಾಪಡೆ ನಮ್ಮ ಹಡಗುಗಳ ಕಾವಲಿಗೆ ಈ ಕಡಲಲ್ಲಿ ‘ಆಪರೇಷನ್ ಸಂಕಲ್ಪ್’ ಆರಂಭಿಸಿತು. ಕರಾವಳಿಯ ಎಷ್ಟೋ ಮನೆಗಳ ಅನ್ನ ಗಲ್ಫ್ ದೇಶಗಳಿಂದ ಬರುವಾಗ ಇದು ದೂರದ ಸುದ್ದಿಯಲ್ಲ.

ವಂಶಾವಳಿ

ಪ್ರಯಾಣಿಕ ವಿಮಾನವನ್ನು ಬೇಹಿಗೆ ಬಳಸುವ ರೂಢಿ ಜೆಟ್ ಯುಗಕ್ಕಿಂತ ಹಳೆಯದು. ಸ್ವೀಡನ್ ಡಿಸಿ-3 ವಿಮಾನದಲ್ಲಿ ಉಪಕರಣ ತುಂಬಿ ಬಾಲ್ಟಿಕ್ ಸಮುದ್ರದ ಮೇಲೆ ಹಾರಿಸುತ್ತಿತ್ತು. 1952ರ ಜೂನ್ 13ರಂದು ಸೋವಿಯತ್ ಮಿಗ್-15 ಅದನ್ನು ಹೊಡೆದುರುಳಿಸಿತು. ಎಂಟು ಜನ ಸತ್ತರು. ವಿಮಾನದ ಅವಶೇಷ ಸಮುದ್ರದ ತಳದಲ್ಲಿ ಸಿಕ್ಕಿದ್ದು 2003ರಲ್ಲಿ. ಮುಂದೆ ಇದೇ ಸ್ವೀಡನ್ 1971ರಲ್ಲಿ ಎಸ್‌ಎಎಸ್ ವಿಮಾನಯಾನ ಸಂಸ್ಥೆಯಿಂದ ಎರಡು ಕ್ಯಾರವೆಲ್ ಜೆಟ್‌ಗಳನ್ನು ಕೊಂಡು ಕೇಳು ವಿಮಾನಗಳಾಗಿ ಮಾರ್ಪಡಿಸಿತು. 1974ರಿಂದ 1998ರವರೆಗೆ ಅವು ದುಡಿದವು. ಟಿಕೆಟ್ ಪಡೆದ ಪ್ರಯಾಣಿಕರನ್ನು ಹೊತ್ತ ಒಡಲೇ ಬೇಹಿಗೆ ತಿರುಗಿದ್ದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗದು.

ಬ್ರಿಟನ್ನಿನ ಕಥೆ ಕಾಮೆಟ್‌ನದು. 1952ರ ಮೇ 2ರಂದು ಲಂಡನ್ನಿನಿಂದ ಜೋಹಾನ್ಸ್‌ಬರ್ಗಿಗೆ ಹೊರಟ ಕಾಮೆಟ್ ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ಸೇವೆಯನ್ನು ಆರಂಭಿಸಿತು. ಸರಿಯಾಗಿ ಒಂದು ವರ್ಷಕ್ಕೆ, 1953ರ ಮೇ 2ರಂದು, ಕಲ್ಕತ್ತೆಯಿಂದ ಮೇಲೇರಿದ ಕಾಮೆಟ್ ಬಿರುಗಾಳಿಯಲ್ಲಿ ಮುರಿದು ಬಿದ್ದು 43 ಜನ ತೀರಿಕೊಂಡರು. 1954ರ ಇನ್ನೆರಡು ಅಪಘಾತಗಳ ತನಿಖೆಯಲ್ಲಿ ಲೋಹದ ದಣಿವು ಕಾರಣವೆಂದು ಗೊತ್ತಾಯಿತು. ಪ್ರಯಾಣಿಕರ ನಂಬಿಕೆ ಕಳೆದುಕೊಂಡ ಈ ವಿಮಾನಕ್ಕೆ ಸೇನೆಯಲ್ಲಿ ದೀರ್ಘಾಯುಷ್ಯ ದೊರೆಯಿತು. ಮೊದಲು ಕೆಲವು ಕಾಮೆಟ್-2ಗಳು ರಾಜ ವಾಯುಪಡೆಯ ಕೇಳು ವಿಮಾನಗಳಾದವು. ಆಮೇಲೆ ಅದೇ ವಿನ್ಯಾಸದಿಂದ ಹುಟ್ಟಿದ ನಿಮ್ರಾಡ್ ಆರ್-1 1974ರಿಂದ 2011ರವರೆಗೆ 51ನೇ ಸ್ಕ್ವಾಡ್ರನ್‌ನಲ್ಲಿ ಸೇವೆ ಸಲ್ಲಿಸಿತು. ಒಂದು ನಿಮ್ರಾಡ್ 1995ರಲ್ಲಿ ಸ್ಕಾಟ್ಲೆಂಡಿನ ಕಡಲಿನಲ್ಲಿ ಇಳಿಯಬೇಕಾಗಿ ಬಂದರೂ ಒಳಗಿದ್ದ ಏಳೂ ಜನ ಬದುಕಿದರು.

ಅಮೆರಿಕದ ಆರ್‌ಸಿ-135 ಈ ಬಗೆಯಲ್ಲಿ ಅತಿ ಹೆಸರಾದದ್ದು. ಅದನ್ನು ಬೋಯಿಂಗ್ 707ರ ಮಾರ್ಪಾಡು ಎಂದು ಬರೆಯುವುದುಂಟು, ಅದು ಸರಿಯಲ್ಲ. 707 ಮತ್ತು ಆರ್‌ಸಿ-135ರ ಮೂಲವಾದ ಸಿ-135 ಎರಡೂ ಬೋಯಿಂಗ್‌ನ ಒಂದೇ ಮೂಲ ಮಾದರಿಯಿಂದ ಕವಲೊಡೆದ ಅಣ್ಣತಮ್ಮಂದಿರು. ರಷ್ಯದ ಐಎಲ್-20, ಟರ್ಬೊಪ್ರಾಪ್ ಪ್ರಯಾಣಿಕ ವಿಮಾನ ಐಎಲ್-18ರ ಸಂತಾನ.

ಮುಖ ಒಂದೇ ಆದಾಗ

ಪ್ರಯಾಣಿಕ ವಿಮಾನದ ಮೈಯಲ್ಲಿ ಬೇಹು ನಡೆಸುವುದಕ್ಕೆ ಒಂದು ಘೋರವಾದ ಬೆಲೆಯಿದೆ. ಅದನ್ನು ತೆತ್ತವರು ಬೇಹಿಗೂ ಸೇನೆಗೂ ಸಂಬಂಧವಿಲ್ಲದ ಜನ. 1983ರ ಸೆಪ್ಟೆಂಬರ್ 1ರ ನಸುಕಿನಲ್ಲಿ ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಬಂದ ಕೊರಿಯನ್ ಏರ್‌ಲೈನ್ಸ್ 007ನೇ ವಿಮಾನವನ್ನು ಸಖಾಲಿನ್ ಬಳಿ ಸು-15 ಯುದ್ಧವಿಮಾನ ಹೊಡೆದು ಬೀಳಿಸಿತು. ಅದು ನಾಲ್ಕು ಎಂಜಿನ್ನಿನ ಬೋಯಿಂಗ್ 747. ಅದೇ ರಾತ್ರಿ ಅದೇ ಭಾಗದಲ್ಲಿ, ನಾಲ್ಕು ಎಂಜಿನ್ನಿನದೇ ಆದ ಅಮೆರಿಕದ ಆರ್‌ಸಿ-135 ಕೂಡ ಹಾರಿತ್ತು. ರೇಡಾರ್ ಪರದೆಯ ಚುಕ್ಕೆಗಳಲ್ಲಿ ಯಾವುದು ಯಾವುದೆಂದು ಗೊಂದಲವಾಯಿತು. 269 ಜನ ಸತ್ತರು. ಐದು ವರ್ಷದ ನಂತರ, 1988ರ ಜುಲೈ 3ರಂದು, ಹೋರ್ಮುಜ್ ಜಲಸಂಧಿಯ ಮೇಲೆ ಅಮೆರಿಕದ ‘ವಿನ್ಸೆನ್ಸ್’ ಯುದ್ಧನೌಕೆ ಇರಾನ್ ಏರ್ 655 ವಿಮಾನವನ್ನು ಎಫ್-14 ಎಂದು ತಪ್ಪು ತಿಳಿದು ಹೊಡೆಯಿತು. ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟಿದ್ದ 290 ಜನ ಸತ್ತರು. ಅಲ್ಲಿ ಗೊಂದಲ ಹುಟ್ಟಿಸಿದ್ದು ಬೇಹು ವಿಮಾನವಲ್ಲ. ಆದರೆ ಗುರುತು ಹಿಡಿಯುವಲ್ಲಿ ಆದ ತಪ್ಪು ಅದೇ ಜಾತಿಯದು.

ನಾಗರಿಕ ವಿಮಾನಯಾನ ಕುರಿತ 1944ರ ಷಿಕಾಗೊ ಒಪ್ಪಂದದ 3ನೇ ವಿಧಿ, ಸರಕಾರಿ ವಿಮಾನಗಳು ನಾಗರಿಕ ವಿಮಾನಗಳ ಸುರಕ್ಷತೆಯನ್ನು ಗಮನದಲ್ಲಿಟ್ಟು ಹಾರಬೇಕು ಎನ್ನುತ್ತದೆ. ಕೊರಿಯದ ವಿಮಾನದ ದುರಂತದ ನಂತರ 1984ರಲ್ಲಿ, ಹಾರುತ್ತಿರುವ ನಾಗರಿಕ ವಿಮಾನದ ಮೇಲೆ ಆಯುಧ ಬಳಸಕೂಡದು ಎಂಬ ಮಾತನ್ನು ಅದಕ್ಕೆ ಸೇರಿಸಲಾಯಿತು. ಅದು ಜಾರಿಗೆ ಬಂದದ್ದು 1998ರಲ್ಲಿ. ಕಾಗದದ ಮೇಲಿನ ಈ ಮಾತು ಆಕಾಶದಲ್ಲಿ ನಡೆಯಬೇಕಾದರೆ ಬೇಹು ವಿಮಾನಗಳು ತಮ್ಮ ಗುರುತು ಸಾರುವ ಟ್ರಾನ್ಸ್‌ಪಾಂಡರ್ ಆರಿಸಿಕೊಂಡು ನಾಗರಿಕ ಹಾದಿಗಳ ಬಳಿ ಸುಳಿಯಬಾರದು. ಹಾಗೆ ಸುಳಿದ ರಷ್ಯದ ಐಎಲ್-20 ಒಂದು 2014ರ ಮಾರ್ಚ್‌ನಲ್ಲಿ ಸ್ವೀಡನ್ನಿನ ದಕ್ಷಿಣಕ್ಕೆ, ಕೋಪನ್‌ಹೇಗನ್ನಿನಿಂದ ಹೊರಟ ಪ್ರಯಾಣಿಕ ವಿಮಾನಕ್ಕೆ ತೀರಾ ಸಮೀಪ ಬಂದಿತ್ತು. ಪೈಲಟ್ ಕಣ್ಣಿಗೆ ಬಿದ್ದದ್ದರಿಂದ ಅನಾಹುತ ತಪ್ಪಿತು. ಯಾವ ದೇಶದ ಬೇಹು ವಿಮಾನವಾದರೂ ಇದು ಒಪ್ಪತಕ್ಕ ನಡೆಯಲ್ಲ.

ಬೆಂಗಳೂರಿನ ಪ್ರಯತ್ನ

ಭಾರತದಲ್ಲಿ ಈ ವಿದ್ಯೆಯ ತವರು ಬೆಂಗಳೂರು. ಯಮಲೂರಿನಲ್ಲಿರುವ ಡಿಆರ್‌ಡಿಒದ ವಾಯುಗಾಮಿ ವ್ಯವಸ್ಥೆಗಳ ಕೇಂದ್ರ, ಅಂದರೆ ಕ್ಯಾಬ್ಸ್, 1991ರಲ್ಲಿ ರೂಪುಗೊಂಡದ್ದೇ ಮುನ್ನೆಚ್ಚರಿಕೆ ವಿಮಾನಕ್ಕಾಗಿ. ಈ ಕೆಲಸಕ್ಕೆ ಆರಿಸಿಕೊಂಡ ಮೊದಲ ವಿಮಾನ ಎಲ್ಲರೂ ‘ಅವ್ರೋ’ ಎಂದು ಕರೆಯುತ್ತಿದ್ದ ಎಚ್‌ಎಸ್-748. ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟಿದ ಈ ಎರಡು ಎಂಜಿನ್ನಿನ ಟರ್ಬೊಪ್ರಾಪ್ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಪ್ರಯಾಣಿಕರನ್ನು ಹೊತ್ತಿತ್ತು. ಮಂಗಳೂರಿನ ಬಜ್ಪೆಯ ಹಳೆಯ ರನ್‌ವೇಯಲ್ಲಿ ಅದರಿಂದ ಇಳಿದವರು ಇನ್ನೂ ಇದ್ದಾರೆ. ಅದರ ಬೆನ್ನ ಮೇಲೆ 24 ಅಡಿ ಅಗಲದ ರೋಟೋಡೋಮ್, ಎಂದರೆ ತಿರುಗುವ ತಟ್ಟೆಯಂಥ ಗುಮ್ಮಟವನ್ನು ಕೂರಿಸಲಾಯಿತು. ಒಳಗೆ ಆಂಟೆನಾ ಸುತ್ತಬೇಕು, ಹೊರಗೆ ಗಾಳಿಯ ಹೊಡೆತ ತಡೆಯಬೇಕು, ಬಾಲದ ಮೇಲಿನ ಗಾಳಿಯ ಹರಿವು ಕೆಡಬಾರದು. ಸಣ್ಣ ವಿಮಾನಕ್ಕೆ ಇದು ತೀರಾ ದೊಡ್ಡ ಹೊರೆ. ಗುಮ್ಮಟ ಹೊತ್ತ ಅವ್ರೋ, ಕ್ಯಾಬ್ಸ್ ರೂಪುಗೊಳ್ಳುವ ಮೊದಲೇ, 1990ರ ಕೊನೆಯಲ್ಲಿ ಹಾರಿತ್ತು. ಎಂಟು ವರ್ಷಕ್ಕೂ ಹೆಚ್ಚು ಕಾಲ ಪರೀಕ್ಷೆಗಳು ನಡೆದವು.

1999ರ ಜನವರಿ 11ರಂದು ತಮಿಳುನಾಡಿನ ಅರಕ್ಕೋಣಂ ಬಳಿ ಇಳಿಯಲು ಬರುತ್ತಿದ್ದಾಗ ಗುಮ್ಮಟ ಕಳಚಿಕೊಂಡು ವಿಮಾನ ನೆಲಕ್ಕೆ ಬಿತ್ತು. ವಿಜ್ಞಾನಿಗಳು, ವಾಯುಪಡೆಯವರು ಸೇರಿ ಎಂಟು ಜನ ಅಸುನೀಗಿದರು. ಇದು ಯುದ್ಧವಿಮಾನದ ಅಪಘಾತದಂತಲ್ಲ. ಯುದ್ಧವಿಮಾನದ ಪೈಲಟ್‌ಗೆ ಹೊರಚಿಮ್ಮುವ ಆಸನವಿರುತ್ತದೆ. ಪ್ರಯಾಣಿಕ ವಿಮಾನದ ಒಡಲಲ್ಲಿ ಪರದೆಯ ಮುಂದೆ ಕುಳಿತ ವಿಜ್ಞಾನಿಗೆ ಸೀಟ್ ಬೆಲ್ಟ್ ಮಾತ್ರ. ಆ ದಿನ ಕಳೆದುಹೋದದ್ದು ಒಂದು ವಿಮಾನ ಮಾತ್ರವಲ್ಲ, ದೇಶದಲ್ಲಿ ಈ ವಿದ್ಯೆ ಬಲ್ಲ ಬೆರಳೆಣಿಕೆಯ ಜನರಲ್ಲಿ ಕೆಲವರು. ಯೋಜನೆ ನಿಂತಿತು.

ಮತ್ತೆ ಹಸಿರು ನಿಶಾನೆ ದೊರೆತದ್ದು 2004ರಲ್ಲಿ. ಈ ಸಲ ಆಯ್ಕೆಯಾದದ್ದು ಬ್ರೆಜಿಲ್ ದೇಶದ ಎಂಬ್ರೇಯರ್ ಕಂಪನಿಯ ಇಆರ್‌ಜೆ-145. ಇದರ ಒಡಲನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ. 2019ರಿಂದ ಸ್ಟಾರ್ ಏರ್ ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗೆ ಹಾರಿಸಿದ್ದು ಇದೇ ಜಾತಿಯ ವಿಮಾನವನ್ನು. ಬಾಗಿಲು ಹೊಕ್ಕರೆ ಎಡಕ್ಕೆ ಒಂಟಿ ಸೀಟು, ಬಲಕ್ಕೆ ಜೋಡಿ ಸೀಟು, ನಡುವೆ ಕಿರಿದಾದ ಓಣಿ. ಒಳಗಿನ ಎತ್ತರ ಆರು ಅಡಿ. ಎತ್ತರದ ಆಳು ತಲೆ ತಗ್ಗಿಸಿಯೇ ನಡೆಯಬೇಕು. 50 ಜನರ ಆ ಕೋಣೆಯಿಂದ ಸೀಟುಗಳನ್ನು ತೆಗೆದು ಆಪರೇಟರ್‌ಗಳ ಕನ್ಸೋಲು, ಕಂಪ್ಯೂಟರ್ ಕಪಾಟು, ಇಂಧನದ ಟ್ಯಾಂಕು ತುಂಬಿದರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ‘ನೇತ್ರ’ದ ಒಳಗು ಅದು.

2008ರಲ್ಲಿ ಮೂರು ವಿಮಾನಗಳಿಗೆ ಒಪ್ಪಂದವಾಯಿತು. ಇವು ಪ್ರಯಾಣಿಕರು ಬಳಸಿದ ಹಳೆಯ ವಿಮಾನಗಳಲ್ಲ. ಅದೇ ವಿನ್ಯಾಸದಲ್ಲಿ ಭಾರತಕ್ಕೆಂದೇ ಮಾರ್ಪಡಿಸಿ ಕಟ್ಟಿದವು. ಆಂಟೆನಾ ಚೌಕಟ್ಟು ಹೊತ್ತ ಮೊದಲ ವಿಮಾನ 2011ರ ಡಿಸೆಂಬರ್‌ನಲ್ಲಿ ಬ್ರೆಜಿಲ್‌ನಲ್ಲಿ ಹಾರಿ, 2012ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಅವ್ರೋ ಕಲಿಸಿದ ಪಾಠ ಇಲ್ಲಿ ಕಣ್ಣಿಗೆ ಕಾಣುತ್ತದೆ: ಬೆನ್ನ ಮೇಲೆ ಸುತ್ತುವ ಗುಮ್ಮಟವಿಲ್ಲ. ಬದಲಿಗೆ ಉದ್ದನೆಯ ಹಲಗೆಯಂಥ ಪೆಟ್ಟಿಗೆ ಕಂಬಗಳ ಮೇಲೆ ನಿಂತಿದೆ. ಅದರ ಎರಡೂ ಮಗ್ಗುಲಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಆಂಟೆನಾಗಳು. ಅವು ತಿರುಗುವುದಿಲ್ಲ, ಅಲೆಯನ್ನು ವಿದ್ಯುನ್ಮಾನದಿಂದಲೇ ಅತ್ತಿತ್ತ ತಿರುಗಿಸುತ್ತವೆ. ಒಂದೊಂದು ಬದಿಗೆ 120 ಡಿಗ್ರಿಯಂತೆ ಒಟ್ಟು 240 ಡಿಗ್ರಿ ಕಾಣುತ್ತದೆ. ಮೂತಿಯ ಕಡೆ, ಬಾಲದ ಕಡೆ ಕುರುಡು. ಆ ಕುರುಡು ಜಾಗ ಎದುರಾಳಿಯತ್ತ ಬೀಳದಂತೆ ಪೈಲಟ್ ತನ್ನ ಸುತ್ತನ್ನು ಹೊಂದಿಸಿಕೊಳ್ಳಬೇಕು.

ರೇಡಾರ್ ಬೆಂಗಳೂರಿನ ಸಿ.ವಿ. ರಾಮನ್ ನಗರದ ಎಲ್‌ಆರ್‌ಡಿಇ ಪ್ರಯೋಗಾಲಯದ್ದು. ಎದುರಾಳಿಯ ರೇಡಾರನ್ನೂ ರೇಡಿಯೊವನ್ನೂ ಕೇಳುವ ಉಪಕರಣ ಹೈದರಾಬಾದಿನ ಡಿಎಲ್‌ಆರ್‌ಎಲ್ ಪ್ರಯೋಗಾಲಯದ್ದು. ಕಂಡದ್ದನ್ನೂ ಕೇಳಿದ್ದನ್ನೂ ಕೂಡಿಸಿ ಒಂದೇ ಚಿತ್ರವಾಗಿ ಪರದೆಗೆ ತರುವ ಕೆಲಸ ಕ್ಯಾಬ್ಸ್‌ನದು. ನನ್ನ ಅಭಿಪ್ರಾಯದಲ್ಲಿ ಅತಿ ಕಷ್ಟದ ಕೆಲಸ ಇದೇ. ಒಂದೇ ಲೋಹದ ಕೊಳವೆಯೊಳಗೆ ಪಿಸುಮಾತು ಕೇಳುವ ಕಿವಿಯೂ ಕೂಗುವ ರೇಡಾರೂ ಒಟ್ಟಿಗಿರಬೇಕು. ಒಂದರ ಸದ್ದು ಇನ್ನೊಂದನ್ನು ಕಿವುಡಾಗಿಸಬಾರದು. ವಿದ್ಯುತ್ತು ಹೆಚ್ಚಿದಂತೆ ಬಿಸಿ ಹೆಚ್ಚುತ್ತದೆ, ಬಿಸಿಯನ್ನು ಹೊರಹಾಕಲು ತಂಪಿನ ಏರ್ಪಾಡು ಬೇಕು, ಅದರಿಂದ ತೂಕ ಹೆಚ್ಚುತ್ತದೆ, ತೂಕ ಹೆಚ್ಚಿದರೆ ಹಾರುವ ಹೊತ್ತು ಕಡಿಮೆಯಾಗುತ್ತದೆ. ಐದಾರು ಗಂಟೆಯ ಹಾರಾಟವನ್ನು ಇನ್ನಷ್ಟು ಚಾಚಲು ಗಾಳಿಯಲ್ಲೇ ಇಂಧನ ತುಂಬಿಸಿಕೊಳ್ಳುವ ಕೊಳವೆಯನ್ನು ಮೂತಿಗೆ ಅಳವಡಿಸಲಾಯಿತು.

2017ರ ಫೆಬ್ರುವರಿ 14ರಂದು ಯಲಹಂಕದ ಏರೋ ಇಂಡಿಯಾದಲ್ಲಿ ರಕ್ಷಣಾ ಸಚಿವ ಮನೋಹರ ಪರಿಕ್ಕರ್ ಮೊದಲ ‘ನೇತ್ರ’ವನ್ನು ವಾಯುಪಡೆಗೆ ಒಪ್ಪಿಸಿದರು. ಕ್ಯಾಬ್ಸ್ ನಿರ್ದೇಶಕರಾಗಿ ಈ ಯೋಜನೆಯನ್ನು ನಡೆಸಿದ್ದ ಎಸ್. ಕ್ರಿಸ್ಟೋಫರ್ ಆಗ ಡಿಆರ್‌ಡಿಒ ಮುಖ್ಯಸ್ಥರಾಗಿದ್ದರು. ಎರಡು ವರ್ಷದ ಬಳಿಕ, 2019ರ ಫೆಬ್ರುವರಿ 26ರ ಬಾಲಾಕೋಟ್ ಕಾರ್ಯಾಚರಣೆಯಲ್ಲಿ ‘ನೇತ್ರ’ ಪಾಲ್ಗೊಂಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇನ್ನೊಂದು ವಿಮಾನವನ್ನು ಪಂಜಾಬಿನ ಬಠಿಂಡಾದಲ್ಲಿ ಹಸ್ತಾಂತರಿಸಲಾಯಿತು.

ಮುಂದಿನದು

ದೊಡ್ಡ ಒಡಲು ಬೇಕು ಎಂಬುದು ‘ನೇತ್ರ’ ಹಾರಿದಷ್ಟೂ ಖಚಿತವಾಯಿತು. 2021ರ ಸೆಪ್ಟೆಂಬರ್‌ನಲ್ಲಿ ಏರ್ ಇಂಡಿಯಾದ ಆರು ಏರ್‌ಬಸ್ ಎ-321 ವಿಮಾನಗಳನ್ನು ಮುಂದಿನ ತಲೆಮಾರಿನ ‘ನೇತ್ರ’ವಾಗಿ ಮಾರ್ಪಡಿಸಲು, ಸುಮಾರು 11,000 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿತು. ಇವು ನಿಜಕ್ಕೂ ಪ್ರಯಾಣಿಕರನ್ನು ಹೊತ್ತು ದಣಿದ ವಿಮಾನಗಳು. ಉದ್ದ 44 ಮೀಟರ್‌ಗೂ ಹೆಚ್ಚು. ಬೆನ್ನಿನ ಆಂಟೆನಾ ಜೊತೆಗೆ ಮೂತಿಯಲ್ಲೂ ಒಂದನ್ನಿಟ್ಟು 300 ಡಿಗ್ರಿ ನೋಡುವ ಗುರಿಯಿದೆ. ಹಳೆಯ ವಿಮಾನವನ್ನು ಬಳಸುವುದು ಬುದ್ಧಿವಂತಿಕೆಯೇ ಎಂದು ಕೇಳುವವರಿದ್ದಾರೆ. ನನಗೆ ಇದು ಸರಿಯಾದ ತೀರ್ಮಾನವೆಂದೇ ತೋರುತ್ತದೆ. ಎ-320 ಕುಟುಂಬದ ವಿಮಾನಗಳು ನಮ್ಮ ದೇಶದಲ್ಲಿ ಲೆಕ್ಕವಿಲ್ಲದಷ್ಟಿವೆ. ಅವನ್ನು ರಿಪೇರಿ ಮಾಡಬಲ್ಲ ಮೆಕ್ಯಾನಿಕ್‌ಗಳು, ಹಾರಿಸಬಲ್ಲ ಪೈಲಟ್‌ಗಳು ಇಲ್ಲಿಯೇ ಇದ್ದಾರೆ.

ಆದರೆ ಈ ವಿಮಾನಗಳು ಗಡಿಯಿಂದ ದೂರವಿದ್ದರೆ ಕ್ಷೇಮ ಎಂಬ ಹಳೆಯ ಭರವಸೆ ಈಗ ಉಳಿದಿಲ್ಲ. 2025ರ ಆಗಸ್ಟ್ 9ರಂದು ಬೆಂಗಳೂರಿನಲ್ಲಿ ನಡೆದ ಎಲ್.ಎಂ. ಕಾತ್ರೆ ಸ್ಮಾರಕ ಉಪನ್ಯಾಸದಲ್ಲಿ ವಾಯುಪಡೆಯ ಮುಖ್ಯಸ್ಥ ಎ.ಪಿ. ಸಿಂಗ್, ಮೇ ತಿಂಗಳ ಆಪರೇಷನ್ ಸಿಂಧೂರದಲ್ಲಿ ಪಾಕಿಸ್ತಾನದ ಐದು ಯುದ್ಧವಿಮಾನಗಳ ಜೊತೆಗೆ ಒಂದು ದೊಡ್ಡ ವಿಮಾನವನ್ನೂ ಸುಮಾರು 300 ಕಿ.ಮೀ. ದೂರದಿಂದ ಹೊಡೆಯಲಾಯಿತು, ಅದು ಎಲಿಂಟ್ ಇಲ್ಲವೇ ಮುನ್ನೆಚ್ಚರಿಕೆ ವಿಮಾನವಾಗಿರಬಹುದು ಎಂದರು. ಪಾಕಿಸ್ತಾನ ಇದನ್ನು ಅಲ್ಲಗಳೆಯಿತು. ಅಷ್ಟು ದೂರ ಕ್ಷಿಪಣಿ ಮುಟ್ಟುವ ಕಾಲದಲ್ಲಿ, ಮಂದಗತಿಯ, ಆಯುಧವಿಲ್ಲದ ಇಂಥ ವಿಮಾನದೊಳಗೆ ಕುಳಿತವರ ಅಪಾಯ ಎಷ್ಟೆಂದು ಹೇಳಬೇಕಾಗಿಲ್ಲ.

ಎ-321 ‘ನೇತ್ರ’ವಾಗಿ ಬೆಂಗಳೂರಿನ ಆಕಾಶಕ್ಕೆ ಏರುವ ದಿನ ದೊಡ್ಡ ಸಮಾರಂಭ ನಡೆದೀತು. ಅಂದು ಭಾಷಣಗಳಿಗೆ ಮೊದಲು, ಅರಕ್ಕೋಣಂನಲ್ಲಿ ಅವ್ರೋ ಜೊತೆ ಹೋದ ಎಂಟು ಜನರ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಬೇಕು.